ಹದಿನೆಂಟೋ ಇಪ್ಪತ್ತೊಂದೋ?

2025ರ ಜುಲೈ ಕೊನೆಯಲ್ಲಿ ಕೆನ್ಯಾದ ಒಳಾಡಳಿತ ಸಚಿವ ಕಿಪ್ಚುಂಬಾ ಮುರ್ಕೊಮೆನ್ ಅವರು ಮದ್ಯ ಮತ್ತು ಮಾದಕ ವಸ್ತುಗಳ ಬಗ್ಗೆ ಹೊಸದೊಂದು ರಾಷ್ಟ್ರೀಯ ನೀತಿಯನ್ನು ಬಿಡುಗಡೆ ಮಾಡಿದರು. ಸೂಪರ್‌ಮಾರ್ಕೆಟ್ಟಿನಲ್ಲಿ ಮದ್ಯ ಮಾರಬಾರದು, ಆನ್‌ಲೈನಿನಲ್ಲಿ ಮಾರಬಾರದು, ಬಸ್ ನಿಲ್ದಾಣದ ಹತ್ತಿರ ಮಾರಬಾರದು ಎಂದೆಲ್ಲ ಅದರಲ್ಲಿ ಇತ್ತು. ಆದರೆ ಮರುದಿನ ನೈರೋಬಿಯ ಬಾಯಲ್ಲಿ ಉಳಿದದ್ದು ಒಂದೇ ಮಾತು: ಕುಡಿಯುವ ವಯಸ್ಸನ್ನು 18ರಿಂದ 21ಕ್ಕೆ ಏರಿಸುತ್ತಾರಂತೆ.

ಆ ಭಾನುವಾರ ಬೆಂಗಳೂರಿನಿಂದ ನನ್ನ ತಮ್ಮನ ಮಗ ವಿಡಿಯೊ ಕರೆ ಮಾಡಿದ್ದ. ಅವನಿಗೂ ನನ್ನ ಮಗಳಿಗೂ ಹತ್ತೊಂಬತ್ತೇ. ಮೂರು ತಿಂಗಳ ಅಂತರ. ಇವಳು ಸುದ್ದಿ ಹೇಳಿದ್ದೇ ತಡ ಅವನು ನಕ್ಕ. "ಅತ್ತೆ, ನಮ್ಮಲ್ಲಿ ಇಪ್ಪತ್ತೊಂದು ಕಣತ್ತೆ. ಅಲ್ಲಿ ಇನ್ನೂ ಹದಿನೆಂಟೇ ಇದ್ಯಲ್ಲ, ಏರ್ಸೋದ್ರೊಳಗೆ ನಾನೇ ಅಲ್ಲಿಗೆ ಬಂದ್ಬಿಡ್ಲಾ?" ಅವನ ಹಿಂದೆ ಅಡುಗೆಮನೆ ಬಾಗಿಲಲ್ಲಿ ಅವನ ಅಮ್ಮ ನಿಂತಿದ್ದಳು. ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಈ ಎರಡು ಊರುಗಳ ಕಥೆಯಲ್ಲಿ ಒಂದು ವಿಚಿತ್ರ ಅದಲುಬದಲು ಇದೆ. 2023ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲು ಕರಡು ನಿಯಮ ಹೊರಡಿಸಿ ಆಕ್ಷೇಪಣೆ ಕರೆದಿತ್ತು. 1965ರ ಅಬಕಾರಿ ಕಾಯ್ದೆ 18 ಎನ್ನುತ್ತದೆ, ಅದರ ಕೆಳಗೆ ಮಾಡಿದ 1967ರ ನಿಯಮ 21 ಎನ್ನುತ್ತದೆ, ಈ ಗೊಂದಲ ಸರಿಪಡಿಸುತ್ತಿದ್ದೇವೆ ಅಷ್ಟೇ ಎಂಬುದು ಸರ್ಕಾರದ ಸಮಜಾಯಿಷಿ. ಜನ ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಪ್ರಸ್ತಾಪ ಹಿಂದಕ್ಕೆ ಹೋಯಿತು. ಅಲ್ಲಿ ಇಳಿಸಬೇಡಿ ಎಂದು ಗದ್ದಲ, ಎರಡೂವರೆ ವರ್ಷದ ನಂತರ ಇಲ್ಲಿ ಏರಿಸಬೇಡಿ ಎಂದು ಗದ್ದಲ. ಇಲ್ಲಿಯ ಗದ್ದಲ ಎಷ್ಟಿತ್ತೆಂದರೆ, ಮದ್ಯ ಮತ್ತು ಮಾದಕ ವಸ್ತು ವಿರೋಧಿ ಪ್ರಾಧಿಕಾರವಾದ ನಕಾಡಾ, ಇದು ಕೇವಲ ನೀತಿ, ಸಂಸತ್ತು ಕಾಯ್ದೆ ತಿದ್ದುವವರೆಗೆ 18 ಹಾಗೆಯೇ ಇರುತ್ತದೆ ಎಂದು ವಿವರಣೆ ಕೊಡಬೇಕಾಯಿತು.

ಕರ್ನಾಟಕದ ಗದ್ದಲ ನನಗೆ ಅರ್ಥವಾಗುತ್ತದೆ. ನೈರೋಬಿಯದು ಅರ್ಥವಾಗಲು ಕೊಂಚ ಚರಿತ್ರೆ ಓದಬೇಕಾಯಿತು.

ನಾನು ಮಂಡ್ಯದ ಕಡೆಯವಳು. ಈ ದೇಶದ ಕುಡಿತದ ಚರಿತ್ರೆ ನನಗೆ ರಾಗಿಯಿಂದಲೇ ಶುರುವಾಗುತ್ತದೆ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಇಲ್ಲಿ ಅದರ ಹೆಸರು ವಿಂಬಿ. ಪಶ್ಚಿಮ ಕೆನ್ಯಾದ ಲುಹ್ಯಾ, ಕಲೆಂಜಿನ್ ಜನ ಮೆಕ್ಕೆಜೋಳದ ಹಿಟ್ಟನ್ನು ಹುಳಿ ಬರಿಸಿ, ಹುರಿದು, ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಪುಡಿ ಬೆರೆಸಿ ಬುಸಾ ಎಂಬ ಪಾನೀಯ ಮಾಡುತ್ತಾರೆ. ಹಿಂದೆ ಮಡಕೆಯನ್ನು ನಡುವೆ ಇಟ್ಟು ಹಿರಿಯರು ಸುತ್ತ ಕುಳಿತು ಮಾರುದ್ದದ ಕೊಳವೆಗಳಿಂದ ಅದನ್ನು ಹೀರುತ್ತಿದ್ದರು. ನೈರೋಬಿಯ ಸುತ್ತಲಿನ ಕಿಕುಯು ನಾಡಿನಲ್ಲಿ ಮುರಾತಿನಾ. ಜೇನು ಅಥವಾ ಕಬ್ಬಿನ ಹಾಲಿಗೆ, ಮರದಲ್ಲಿ ಸೋರೆಕಾಯಿಯಂತೆ ಜೋತುಬೀಳುವ ಒಂದು ಕಾಯಿಯನ್ನು ಒಣಗಿಸಿ ಹಾಕಿ ಹುಳಿ ಬರಿಸುತ್ತಾರೆ. ಬೆಂಗಳೂರಿನ ಉದ್ಯಾನಗಳಲ್ಲೂ ಆ ಮರ ಇದೆ. ನಮಗೆ ಅದರ ಉಪಯೋಗ ಹೊಳೆಯಲಿಲ್ಲ, ಅಷ್ಟೇ.

ಇಲ್ಲೊಂದು ಕಟ್ಟುಪಾಡು ಇತ್ತು. ಮುರಾತಿನಾ ಹಿರಿಯರ ಪಾಲಿನದು. ಜೇನು ತರುವವರು, ಕಬ್ಬು ಜಜ್ಜುವವರು, ಮಡಕೆ ಹೊರುವವರು ಹುಡುಗರು ಮತ್ತು ಹೆಂಗಸರು. ಕುಡಿಯುವವರು ಮಾತ್ರ ಮದುವೆಯಾಗಿ, ಮಕ್ಕಳು ಬೆಳೆದು, ಹಿರಿಯರ ಕೂಟ ಸೇರಿದ ಗಂಡಸರು. ದೀಕ್ಷೆ ಪಡೆದ ಯುವಕ ಯೋಧನಾಗಿ ಹಸು ಕಾಯಬಹುದು, ಯುದ್ಧಕ್ಕೆ ಹೋಗಬಹುದು, ಆದರೆ ಕುಡಿಯುವ ಹಾಗಿಲ್ಲ. ಹುಟ್ಟಿದ ತಾರೀಖು ಯಾರಿಗೂ ಗೊತ್ತಿರದ ಕಾಲದಲ್ಲಿ ವಯಸ್ಸನ್ನು ಲೆಕ್ಕ ಹಾಕುತ್ತಿದ್ದದ್ದು ಹೀಗೆ, ಯಾವ ಕೂಟದಲ್ಲಿ ಕೂರಲು ನಿನಗೆ ಜಾಗ ಇದೆ ಎಂಬುದರಿಂದ. ಇದನ್ನು ಕೇಳಿ ಹಳೆಯ ಕಾಲ ಚಿನ್ನ ಎಂದು ನಿಟ್ಟುಸಿರು ಬಿಡುವವರು ಇದ್ದಾರೆ. ಹೆಂಗಸರು ಕಾಸಿ ಗಂಡಸರು ಕುಡಿಯುವ ವ್ಯವಸ್ಥೆಯ ಬಗ್ಗೆ ನನಗೆ ಅಷ್ಟೊಂದು ಮೋಹವಿಲ್ಲ.

ಆಮೇಲೆ ಬ್ರಿಟಿಷರು ಬಂದರು. 1890ರಲ್ಲಿ ಯುರೋಪಿನ ರಾಷ್ಟ್ರಗಳು ಬ್ರಸೆಲ್ಸ್‌ನಲ್ಲಿ ಕುಳಿತು ಸಹಿ ಹಾಕಿದ ಒಪ್ಪಂದವೊಂದಿದೆ. ಗುಲಾಮರ ವ್ಯಾಪಾರ ತಡೆಯುವುದು ಅದರ ಮುಖ್ಯ ಉದ್ದೇಶ. ಅದರಲ್ಲೇ ಆಫ್ರಿಕಾದ ಭೂಪಟದ ಮೇಲೆ ಉತ್ತರ ಅಕ್ಷಾಂಶ 20ರಿಂದ ದಕ್ಷಿಣ ಅಕ್ಷಾಂಶ 22ರವರೆಗೆ ಪಟ್ಟಿ ಎಳೆದು, ಅಲ್ಲಿ ಭಟ್ಟಿ ಇಳಿಸಿದ ಮದ್ಯದ ವ್ಯಾಪಾರಕ್ಕೆ ಕಡಿವಾಣ ಹಾಕಿದರು. ಕೆನ್ಯಾ ಆ ಪಟ್ಟಿಯ ಒಳಗೇ ಬರುತ್ತದೆ. ಜಿನ್ನು ರಮ್ಮುಗಳಿಂದ ಪಶ್ಚಿಮ ಆಫ್ರಿಕಾ ಹಾಳಾದದ್ದನ್ನು ಕಂಡ ಪಾದ್ರಿಗಳ ಕಳಕಳಿ ಅದರ ಹಿಂದೆ ಇತ್ತು, ನಿಜ. ಆದರೆ ನೆಲಕ್ಕೆ ಇಳಿಯುವಾಗ ಆ ಕಳಕಳಿ ಬೇರೆ ರೂಪ ತಾಳಿತು. ಇಲ್ಲಿಯ ವಸಾಹತು ಕಾನೂನು ಗಟ್ಟಿ ಮದ್ಯವನ್ನಷ್ಟೇ ಅಲ್ಲ, ಬಾಟಲಿಯ ಬಿಯರನ್ನೂ 'ನೇಟಿವ್' ಆದವನಿಗೆ ಮುಟ್ಟಗೊಡಲಿಲ್ಲ. ಹತ್ತೊಂಬತ್ತರ ಹುಡುಗನಿಗೂ ಇಲ್ಲ, ಎಪ್ಪತ್ತರ ಮುದುಕನಿಗೂ ಇಲ್ಲ.

1922ರಲ್ಲಿ ಹರ್ಸ್ಟ್ ಸೋದರರು ಗೆಳೆಯರೊಡನೆ ಸೇರಿ ಕೆನ್ಯಾ ಬ್ರೂವರೀಸ್ ಕಟ್ಟಿದರು. ಮೊದಲು ಇಳಿಸಿದ ಬಿಯರಿನ ಹತ್ತು ಪೆಟ್ಟಿಗೆ ಹೋದದ್ದು ಸ್ಟ್ಯಾನ್ಲಿ ಹೋಟೆಲಿಗೆ. ಮರುವರ್ಷ ಜಾರ್ಜ್ ಹರ್ಸ್ಟ್ ಬೇಟೆಗೆ ಹೋಗಿ ಆನೆಯ ಕಾಲಡಿ ಸತ್ತ. ಆ ನೆನಪಿಗೆ ಬಿಯರಿಗೆ ಟಸ್ಕರ್ ಎಂದು ಹೆಸರಾಯಿತು, ಅಂದರೆ ಕೊಂಬಿನಾನೆ. ಇಂದು ಕೆನ್ಯಾದ ಹೆಮ್ಮೆ ಎಂದು ಹಾಡಿ ಹೊಗಳುವ ಈ ಬಿಯರನ್ನು ಈ ಮಣ್ಣಿನವರು ಕಾನೂನು ಮುರಿಯದೆ ಕುಡಿಯಲು 1947ರವರೆಗೆ ಕಾಯಬೇಕಾಯಿತು. ಮಹಾಯುದ್ಧದಲ್ಲಿ ಬರ್ಮಾವರೆಗೆ ಹೋಗಿ ಬ್ರಿಟಿಷರ ಪರವಾಗಿ ಹೋರಾಡಿ ಬಂದ ಸೈನಿಕರು ಆಗ ಊರಿಗೆ ಮರಳಿದ್ದರು. ಗಟ್ಟಿ ಮದ್ಯದ ತಡೆ ಇನ್ನೂ ಕೆಲವು ವರ್ಷ ಮುಂದುವರಿಯಿತು.

ಇದರ ಪಕ್ಕದಲ್ಲೇ ಇನ್ನೊಂದು ವಯಸ್ಸನ್ನು ಇಟ್ಟು ನೋಡಬೇಕು. ಮೊದಲ ಮಹಾಯುದ್ಧ ಮುಗಿದ ಮೇಲೆ ಜಾರಿಗೆ ಬಂದ ಕಿಪಾಂಡೆ ಎಂಬ ಗುರುತಿನ ಚೀಟಿಯನ್ನು 16 ದಾಟಿದ ಪ್ರತಿ ಆಫ್ರಿಕನ್ ಗಂಡಸೂ ಒಯ್ಯಲೇಬೇಕಿತ್ತು. ಬೆರಳಚ್ಚು, ಯಾರ ಬಳಿ ಕೆಲಸ, ಎಷ್ಟು ಸಂಬಳ ಎಲ್ಲ ಅದರಲ್ಲಿ. ಲೋಹದ ಡಬ್ಬಿಯಲ್ಲಿಟ್ಟು ಕೊರಳಿಗೆ ನೇತುಹಾಕಿಕೊಳ್ಳುತ್ತಿದ್ದರು. ದುಡಿಯಲು, ಹಿಡಿದು ವಿಚಾರಿಸಲು ಹದಿನಾರಕ್ಕೇ ಅವನು ದೊಡ್ಡವನು. ಒಂದು ಬಾಟಲಿ ಬಿಯರ್ ಕೇಳಿದರೆ ಸಾಯುವವರೆಗೂ ಚಿಕ್ಕವನು. ಆಗಿನ ಬಿಳಿಯರ ಮನೆಗಳಲ್ಲಿ ಮೊಮ್ಮಕ್ಕಳು ಇದ್ದ ಅಡುಗೆಯವರನ್ನೂ 'ಬಾಯ್' ಎಂದೇ ಕರೆಯುತ್ತಿದ್ದರಲ್ಲ, ಅದೇ ಪದ ಕಾನೂನಿನಲ್ಲಿ ಬೇರೆ ವೇಷದಲ್ಲಿತ್ತು.

ನಮ್ಮವರು ಎಲ್ಲಿದ್ದರು ಎಂದು ಓದುಗರು ಕೇಳಬಹುದು. ತಡೆ ಇದ್ದದ್ದು ಆಫ್ರಿಕನ್ನರ ಮೇಲೆ. ಭಾರತದಿಂದ ಬಂದವರು ಅದರ ಹೊರಗಿದ್ದರು. ರೈಲ್ವೆಯಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾಗಿದ್ದ ಗೋವಾದವರಿಗೆ ನೈರೋಬಿಯಲ್ಲಿ ತಮ್ಮದೇ ಕ್ಲಬ್ಬುಗಳಿದ್ದವು, ಸಂಜೆಯ ಗ್ಲಾಸು ಅಲ್ಲಿ ಸಹಜವಾಗಿತ್ತು. ಬಿಳಿಯರ ಮೇಜಿನಲ್ಲಿ ನಮಗೆ ಜಾಗ ಇರಲಿಲ್ಲವಾದರೂ ನಮ್ಮನ್ನು ದೊಡ್ಡವರೆಂದು ಎಣಿಸಿದ್ದರು. ಈ ಸಣ್ಣ ಮೇಲ್ಮೆಯನ್ನು ನಾವು ಮರೆತಿದ್ದೇವೆ, ಇಲ್ಲಿಯವರು ಅಷ್ಟಾಗಿ ಮರೆತಿಲ್ಲ.

ಹಾಗಾದರೆ ನೈರೋಬಿಯ ಆಫ್ರಿಕನ್ನರು ಕುಡಿಯುತ್ತಲೇ ಇರಲಿಲ್ಲವೇ? ಕುಡಿಯುತ್ತಿದ್ದರು, ನಗರಸಭೆಯ ಅಂಗಡಿಯಲ್ಲಿ. ದಕ್ಷಿಣ ಆಫ್ರಿಕಾದ ಡರ್ಬನ್ ನಗರ ಕಂಡುಹಿಡಿದ ಉಪಾಯವೊಂದಿತ್ತು: ನಾಡ ಬಿಯರನ್ನು ಕಾಸುವ ಮಾರುವ ಹಕ್ಕು ನಗರಸಭೆಗೆ ಮಾತ್ರ, ಬಂದ ಲಾಭದಿಂದ ಆಫ್ರಿಕನ್ನರ ಕೇರಿಗಳ ಖರ್ಚು. ನೈರೋಬಿ ಅದನ್ನು ತಂದುಕೊಂಡು 1922ರ ಸುಮಾರಿಗೆ ಪುಮ್ವಾನಿಯಲ್ಲಿ ಬಿಯರ್ ಹಾಲ್ ತೆರೆಯಿತು. ಮನೆಯಲ್ಲಿ ಕಾಸಿ ಮಾರಿ ಹೊಟ್ಟೆ ಹೊರೆಯುತ್ತಿದ್ದ ಹೆಂಗಸರು ಅಂದಿನಿಂದ ಅಪರಾಧಿಗಳಾದರು. ಕುಡಿಯುವವನ ಕಾಸಿನಿಂದಲೇ ಅವನ ಬೀದಿಯ ಚರಂಡಿ. ಇದನ್ನು ಓದುವಾಗ ನನಗೆ ಕರ್ನಾಟಕದ ಬಜೆಟ್ ನೆನಪಾಗುತ್ತದೆ. ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿ ಅಬಕಾರಿಯಿಂದ ಬರಬೇಕೆಂದು ಗುರಿ ಇಟ್ಟುಕೊಂಡು, ಕುಡಿತ ಕೆಟ್ಟದ್ದು ಎಂದು ಗೋಡೆ ಮೇಲೆ ಬರೆಸುವ ಕಲೆ ಡರ್ಬನ್ನಿನವರಿಂದ ಕಲಿತದ್ದಲ್ಲವಾದರೂ ಅದೇ ವಂಶದ್ದು.

ಸ್ವಾತಂತ್ರ್ಯದ ನಂತರದ ಕಥೆ ಬೇಗ ಹೇಳಿ ಮುಗಿಸಬಹುದು. ಬಡವರು ಭಟ್ಟಿ ಇಳಿಸಿ ಕುಡಿಯುವ ಚಂಗಾ ಎಂಬ ಸಾರಾಯಿಯನ್ನು 1980ರಲ್ಲಿ ಮೊಯ್ ಸರ್ಕಾರ ಕಾಯ್ದೆ ಮಾಡಿ ನಿಷೇಧಿಸಿತು. ಅದು ಗುಡಿಸಲಿನ ಹಿಂದಕ್ಕೆ ಸರಿಯಿತು, ಕಿಕ್ಕು ಹೆಚ್ಚಿಸಲು ಮೆಥನಾಲ್ ಸೇರಿತು. 2000ದ ನವೆಂಬರಿನಲ್ಲಿ ನೈರೋಬಿಯ ಮುಕುರು ಕೊಳೆಗೇರಿಯಲ್ಲಿ ಅಂಥದ್ದನ್ನು ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು, ಅನೇಕರು ಕಣ್ಣು ಕಳೆದುಕೊಂಡರು. ಮರುವರ್ಷ ಮದುವೆಯಾಗಿ ನಾನು ಈ ಊರಿಗೆ ಬಂದಾಗಲೂ ಜನ ಅದನ್ನೇ ಮಾತಾಡುತ್ತಿದ್ದರು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಕಳ್ಳಭಟ್ಟಿಗೆ ಬಲಿಯಾದ ಕಥೆ ಕೇಳುತ್ತಲೇ ಬೆಳೆದ ನನಗೆ ಅದು ಅಪರಿಚಿತ ಎನಿಸಲಿಲ್ಲ.

2010ರಲ್ಲಿ ನೈವಾಶಾದ ಸಂಸದ ಜಾನ್ ಮುಟುಥೊ ತಂದ ಕಾಯ್ದೆ ಚಂಗಾವನ್ನು ಕತ್ತಲಿಂದ ಹೊರತೆಗೆಯಲು ನೋಡಿತು. ಶುದ್ಧವಾಗಿ ತಯಾರಿಸಿ ಗಾಜಿನ ಬಾಟಲಿಯಲ್ಲಿ ಮಾರಿ ಎಂದಿತು. ಬಾರುಗಳು ವಾರದ ದಿನ ಸಂಜೆ 5ಕ್ಕೆ ತೆರೆದು ರಾತ್ರಿ 11ಕ್ಕೆ ಮುಚ್ಚಬೇಕು, ಶಾಲೆಯಿಂದ 300 ಮೀಟರ್ ದೂರ ಇರಬೇಕು, 18 ತುಂಬದವರಿಗೆ ಮಾರಬಾರದು. ಇಂದಿಗೂ ಜನ ಇದನ್ನು 'ಮುಟುಥೊ ಕಾನೂನು' ಎಂದೇ ಕರೆಯುತ್ತಾರೆ. ಆದರೂ 2014ರ ಮೇ ತಿಂಗಳಲ್ಲಿ ಎಂಬು, ಕಿಟುಯಿ, ಕಿಯಾಂಬು ಮೊದಲಾದ ಕಡೆ ಮತ್ತೆ ಮೆಥನಾಲು ಬೆರೆತ ಮದ್ಯ ಹತ್ತಿರ ಹತ್ತಿರ ನೂರು ಜನರನ್ನು ಕೊಂದಿತು. 2024ರ ಫೆಬ್ರವರಿಯಲ್ಲಿ ಕಿರಿನ್ಯಾಗಾದಲ್ಲಿ ಮತ್ತೆ ಸಾವು. ಸತ್ತವರಲ್ಲಿ ಬಹುತೇಕರು ದುಡಿಯುವ ಗಂಡಸರು. ಹದಿನೆಂಟೋ ಇಪ್ಪತ್ತೊಂದೋ ಎಂಬ ಪ್ರಶ್ನೆ ಅವರ ಹತ್ತಿರ ಸುಳಿಯುವುದೂ ಇಲ್ಲ.

21ರ ಪರ ಇರುವವರ ವಾದವನ್ನು ನಾನು ಹಗುರ ಮಾಡುವುದಿಲ್ಲ. ಅವರು ಬೊಟ್ಟು ಮಾಡುವುದು ಅಮೆರಿಕದ ಕಡೆಗೆ. ವಿಯೆಟ್ನಾಂ ಯುದ್ಧಕ್ಕೆ ಹದಿನೆಂಟರ ಹುಡುಗರನ್ನು ಕಳಿಸುತ್ತೀರಿ, ಓಟು ಏಕಿಲ್ಲ ಎಂಬ ಕೂಗಿನಿಂದ 1971ರಲ್ಲಿ ಅಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿಯಿತು. ಹಿಂದೆಯೇ ಅನೇಕ ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ರಸ್ತೆಯಲ್ಲಿ ಹುಡುಗರ ಹೆಣ ಬೀಳತೊಡಗಿದವು. ಕುಡಿದವನೊಬ್ಬನ ಕಾರಿಗೆ ಹದಿಮೂರರ ಮಗಳನ್ನು ಕಳೆದುಕೊಂಡ ಕ್ಯಾಂಡಿ ಲೈಟ್ನರ್ ಎಂಬ ತಾಯಿ 1980ರಲ್ಲಿ ಸಂಘಟನೆ ಕಟ್ಟಿದರು. 1984ರಲ್ಲಿ ರೇಗನ್ ಸಹಿ ಹಾಕಿದ ಕಾಯ್ದೆ, 21 ಮಾಡದ ರಾಜ್ಯಕ್ಕೆ ಹೆದ್ದಾರಿ ಅನುದಾನ ಕಡಿತ ಎಂದು ಕಿವಿ ಹಿಂಡಿತು. ಯುವಕರ ಅಪಘಾತದ ಸಾವು ಇಳಿಯಿತು. ಸಂಶೋಧಕರಲ್ಲಿ ಹೆಚ್ಚಿನವರು ಅದರಲ್ಲಿ ಕಾನೂನಿನ ಪಾಲು ಇದೆ ಎಂದೇ ಒಪ್ಪುತ್ತಾರೆ. ಆದರೆ ಅದು ಹದಿನಾರಕ್ಕೇ ಕಾರು ಓಡಿಸುವ ದೇಶ. ಅಂಗಡಿಯವನು ಲೈಸೆನ್ಸ್ ನೋಡದೆ ಬಾಟಲಿ ಕೊಡದ ದೇಶ. ನೈರೋಬಿಯ ಹತ್ತೊಂಬತ್ತರವರಲ್ಲಿ ಹೆಚ್ಚಿನವರು ಮಟಾಟು ವ್ಯಾನಿನಲ್ಲಿ ನೇತಾಡಿಕೊಂಡು ಹೋಗುವವರು. ನಕಾಡಾದ 2022ರ ಸಮೀಕ್ಷೆಯಲ್ಲೇ ಮದ್ಯದ ರುಚಿ ನೋಡಿದ ಅತಿ ಚಿಕ್ಕ ವಯಸ್ಸು ಏಳು ಎಂದಿದೆ. ಏಳಕ್ಕೂ ಹದಿನೆಂಟಕ್ಕೂ ನಡುವೆ ಹನ್ನೊಂದು ವರ್ಷದ ಕಾನೂನು ಈಗಾಗಲೇ ಇದೆಯಲ್ಲ.

ಸಂಖ್ಯೆಗಳ ಪವಿತ್ರತೆ ಎಷ್ಟು ಎಂದು ತಿಳಿಯಲು ಅಮೆರಿಕದವರೆಗೂ ಹೋಗಬೇಕಿಲ್ಲ. ಮಂಗಳೂರಿನಲ್ಲಿ ರೈಲು ಹತ್ತಿ, 21. ಮಂಜೇಶ್ವರ ಬರುವಷ್ಟರಲ್ಲಿ ಕೇರಳ, 23. ಮನೆಯಲ್ಲಿ ಕನ್ನಡ ಮಾತಾಡುತ್ತ ಮಂಗಳೂರಿನ ಕಾಲೇಜಿಗೆ ಓಡಾಡುವ ಕಾಸರಗೋಡಿನ ಹುಡುಗ ದಿನಕ್ಕೆರಡು ಬಾರಿ ಎರಡು ವರ್ಷ ದೊಡ್ಡವನಾಗಿ ಚಿಕ್ಕವನಾಗುತ್ತಾನೆ. ಅದೇ ರೈಲಿನಲ್ಲಿ ಇನ್ನೂ ಮುಂದೆ ಹೋದರೆ ಮಾಹೆ, ಪುದುಚೇರಿಗೆ ಸೇರಿದ ಚೂರು ನೆಲ, ಅಲ್ಲಿ 18. ಗೋವಾದಲ್ಲೂ 18. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ಗಟ್ಟಿ ಮದ್ಯಕ್ಕೆ 25.

ಈಗ ನನ್ನ ತಮ್ಮನ ವಿಷಯ. 1990ರ ಸುಮಾರು, ಅವನಿಗೆ ಹತ್ತು ವರ್ಷ. ನಮ್ಮೂರಲ್ಲಿ ಸರ್ಕಾರಿ ಪರವಾನಗಿಯ ಸಾರಾಯಿ ಅಂಗಡಿ ಇತ್ತು. ತಾತನಿಗೆ ಮಂಡಿನೋವು, ನಡೆಯಲು ಆಗದು. ಸಂಜೆಯಾದರೆ ತಮ್ಮನ ಕೈಗೆ ಕಾಸು ಕೊಟ್ಟು ಪಾಕೆಟ್ ತರಲು ಅಟ್ಟುತ್ತಿದ್ದರು. ಉಳಿದ ಚಿಲ್ಲರೆ ಅವನಿಗೆ. ಕಾಯ್ದೆ ಆಗಲೂ 18 ಎನ್ನುತ್ತಿತ್ತು, ನಿಯಮ 21 ಎನ್ನುತ್ತಿತ್ತು. ಅಂಗಡಿಯವನು ಗಲ್ಲಾದ ಮೇಲಿಂದ ಬಗ್ಗಿ, "ಯಾರ ಮನೆ ಹೈದ್ನಪ್ಪ?" ಎಂದು ಕೇಳಿ ಕೊಡುತ್ತಿದ್ದ. ಅವನ ಮಟ್ಟಿಗೆ ಅದೇ ತನಿಖೆ. ಪಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿಯುವುದನ್ನು ತಾತನೇ ಅವನಿಗೆ ಕಲಿಸಿದ್ದು, ತಮ್ಮ ಬೆರಳು ನಡುಗುತ್ತಿದ್ದುದರಿಂದ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ನಾನು ಇಲ್ಲಿಂದ ಫೋನ್ ಮಾಡಿ ಖುಷಿಪಟ್ಟೆ. ಅಷ್ಟರಲ್ಲಿ ತಮ್ಮ ಸಾರಾಯಿ ಬಿಟ್ಟು ವಿಸ್ಕಿಗೆ ಏರಿದ್ದ; ಅದಕ್ಕೆ ನಿಷೇಧ ಇರಲಿಲ್ಲ. 2018ರಲ್ಲಿ ಅವನು ಹೋದಾಗ 38 ತುಂಬಿತ್ತು. ಮಗನಿಗೆ ಆಗ ಹನ್ನೆರಡು.

ಆದ್ದರಿಂದ ಕರ್ನಾಟಕದಲ್ಲಿ 18 ಬೇಡ ಎಂದು ಕೂಗಿದವರಲ್ಲಿ ನನ್ನ ನಾದಿನಿಯಂಥ ಹೆಂಗಸರು ಎಷ್ಟು ಜನ ಇದ್ದಿರಬಹುದು ಎಂದು ನಾನು ಊಹಿಸಬಲ್ಲೆ. ಆ ಸಂಖ್ಯೆ ಏನನ್ನೂ ತಡೆಯುವುದಿಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮನೆಯಲ್ಲಿ ಹುಡುಗನಿಗೆ ಗದರಲು ಒಂದು ಆಧಾರ ಬೇಕು, ಅದನ್ನೂ ಕಸಿಯಬೇಡಿ ಎಂಬುದಷ್ಟೇ ಅವರ ಮಾತು.

ನನ್ನ ಮಗಳ ಮಾತು ಬೇರೆ. ಅವಳು ಇಲ್ಲೇ ಹುಟ್ಟಿದವಳು. ಹದಿನೆಂಟು ತುಂಬಿದಾಗ ಕಿಟಾಂಬುಲಿಶೊ ಎಂಬ ಗುರುತಿನ ಚೀಟಿ ಬಂತು. ಅವಳು ಕುಡಿಯುವುದಿಲ್ಲ, ವಾಸನೆಯೇ ಆಗದು. ಆದರೂ ಆ ವಾರ ಊಟದ ಮೇಜಿನಲ್ಲಿ ಕೆಂಡವಾಗಿದ್ದಳು. "ಅಮ್ಮ, ಟ್ಯಾಕ್ಸ್ ಕಟ್ಟೋಕೆ ಹದಿನೆಂಟು ಸಾಕು, ಓಟು ಹಾಕೋಕೆ ಸಾಕು, ಪೊಲೀಸರ ಗುಂಡು ತಿನ್ನೋಕೂ ಸಾಕು. ಒಂದು ಬಿಯರಿಗೆ ಮಾತ್ರ ನಾವು ಮಕ್ಕಳಾ?" ಹಿಂದಿನ ವರ್ಷ, 2024ರ ಜೂನ್ 25ರಂದು, ಹೊಸ ತೆರಿಗೆ ಮಸೂದೆ ವಿರೋಧಿಸಿ ಅವಳ ವಯಸ್ಸಿನವರೇ ಸಂಸತ್ತಿಗೆ ನುಗ್ಗಿದ್ದರು, ಗುಂಡಿಗೆ ಸತ್ತವರೂ ಇದ್ದರು. ಅಧ್ಯಕ್ಷರು ಮಸೂದೆಗೆ ಸಹಿ ಹಾಕದೆ ಹಿಂದಿರುಗಿಸಬೇಕಾಯಿತು. ವರ್ಷ ಕಳೆಯುತ್ತಿದ್ದಂತೆ ಅದೇ ಹುಡುಗರಿಗೆ, ನಿಮ್ಮ ಬುದ್ಧಿ ಇನ್ನೂ ಬಲಿತಿಲ್ಲ ಎಂದು ಸರ್ಕಾರ ಹೇಳಿದರೆ ಅವರ ಕಿವಿಗೆ ಅದು ಆರೋಗ್ಯದ ಮಾತಾಗಿ ಬೀಳಲಿಲ್ಲ. ಕೊರಳಿಗೆ ಕಿಪಾಂಡೆ ಕಟ್ಟಿಕೊಂಡ ಮುತ್ತಾತಂದಿರ ಕಥೆಯನ್ನು ಅವಳ ಗೆಳತಿಯರು ಮನೆಯಲ್ಲೇ ಕೇಳಿದ್ದಾರೆ. ಇಲ್ಲಿ ಸಂಖ್ಯೆಯನ್ನು ಮೂರು ಏರಿಸುವುದು ಎಂದರೆ ಹಳೆಯದೊಂದು ಗಾಯವನ್ನು ಒತ್ತುವುದು. ನನ್ನ ನಾದಿನಿಗೂ ಮಗಳಿಗೂ ಒಂದೇ ಉತ್ತರ ಕೊಡಲು ನನಗೆ ಬರುವುದಿಲ್ಲ. ನನ್ನನ್ನೇ ಕೇಳಿದರೆ, 18 ಇರಲಿ, ಹತ್ತರ ಹುಡುಗನಿಗೆ ಪಾಕೆಟ್ ಕೊಟ್ಟ ಗಲ್ಲಾದವನ ಮೇಲೆ ಕೇಸು ಬೀಳಲಿ ಎನ್ನುತ್ತೇನೆ.

ಆ ವರ್ಷದ ಡಿಸೆಂಬರಿನಲ್ಲಿ ಲಿಮುರು ಹತ್ತಿರ ಒಂದು ರುರಾಸಿಯೊಗೆ ಹೋಗಿದ್ದೆವು. ಹುಡುಗಿಯ ಮನೆಗೆ ಹುಡುಗನ ಕಡೆಯವರು ಬಂದು ತೆರ ಮಾತಾಡುವ ಕಿಕುಯು ಶಾಸ್ತ್ರ ಅದು. ವರ ನನ್ನ ಯಜಮಾನರ ಜೊತೆ ಕೆಲಸ ಮಾಡುವ ಎಂಜಿನಿಯರ್, ವಯಸ್ಸು ಮೂವತ್ತೊಂದು. ಟೆಂಟಿನ ಕೆಳಗೆ ಹಿರಿಯರು ಒಂದು ಸಾಲಿನಲ್ಲಿ ಕುಳಿತಿದ್ದರು. ಒಬ್ಬ ಅಜ್ಜ ಸೋರೆ ಬುರುಡೆಯಿಂದ ಕೊಂಬಿಗೆ ಮುರಾತಿನಾ ಬಗ್ಗಿಸಿ, ನೆಲಕ್ಕೆ ನಾಲ್ಕು ಹನಿ ಚೆಲ್ಲಿ, ಪಕ್ಕದವರಿಗೆ ದಾಟಿಸಿದರು. ಕೊಂಬು ಸುತ್ತು ಹೊಡೆದು ನಮ್ಮ ಯಜಮಾನರವರೆಗೂ ಬಂತು. ಅವರು ತುಟಿಗೆ ಮುಟ್ಟಿಸಿ ಮುಂದೆ ಕೊಟ್ಟರು. ವರ ಕೈ ಚಾಚಿದ. ಅಜ್ಜ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ ಕಿಕುಯುವಿನಲ್ಲಿ ಏನೋ ಅಂದರು, ಟೆಂಟೆಲ್ಲ ನಕ್ಕಿತು. ಏನಂದರು ಎಂದು ಮಗಳನ್ನು ಕೇಳಿದೆ.

"ಇನ್ನೂ ಮದುವೆಯಾಗಿಲ್ಲ, ಹುಡುಗನಿಗೆ ಸೋಡಾ ಕೊಡಿ ಅಂದ್ರು."

ಅವನು ತಲೆ ತಗ್ಗಿಸಿ ಫಾಂಟಾ ಬಾಟಲಿ ತೆಗೆದುಕೊಂಡ. ಆಮೇಲೆ ನಾವು ಹೊರಡುವಾಗ, ಗೇಟಿನಾಚೆ ಅವನ ಗೆಳೆಯರು ಕಾರಿನ ಡಿಕ್ಕಿ ತೆರೆದು ಸುತ್ತ ನಿಂತಿದ್ದರು. ಒಳಗೆ ಟಸ್ಕರ್ ಪೆಟ್ಟಿಗೆ ಇತ್ತು. ನಮ್ಮನ್ನು ಕಂಡು ಡಿಕ್ಕಿ ಮುಚ್ಚಿ, "ಶಿಕಮೂ, ಮಾಮಾ" ಎಂದು ಹಿರಿಯರಿಗೆ ಮಾಡುವ ನಮಸ್ಕಾರ ಮಾಡಿದರು. ನಾನೂ ನೋಡದವಳಂತೆ "ಮರಹಬಾ" ಎಂದು ಹರಸಿ ಕಾರು ಹತ್ತಿದೆ.